ಮೊದಲು ಬೋರ್ಡು, ಆಮೇಲೆ ಲೋಟ

ಸಭೆಯ ಅಧ್ಯಕ್ಷರೇ, ಮುಖ್ಯ ಅತಿಥಿಗಳೇ, ವೇದಿಕೆಯ ಮೇಲಿರುವ ಇಲಾಖೆಯ ಹಿರಿಯರೇ, ನೀರು ಶುದ್ಧೀಕರಣ ಘಟಕದ ನನ್ನ ಸಹೋದ್ಯೋಗಿಗಳೇ, ಹಿಂದಿನ ಸಾಲಿನಲ್ಲಿ ಫ್ಯಾನಿನ ಕೆಳಗೇ ಜಾಗ ಹಿಡಿದಿರುವ ಜಾಣ ಸಭಿಕರೇ, ಮತ್ತು ಬರುವುದಿಲ್ಲ ಎಂದು ಹೇಳಿ ಕೊನೆಗೂ ಬಂದು ಮೂರನೆಯ ಸಾಲಿನಲ್ಲಿ ಕುಳಿತಿರುವ ನನ್ನ ಹೆಂಡತಿಯೇ,

ನಿಮ್ಮೆಲ್ಲರಿಗೂ ವಂದನೆಗಳು.

ನನಗಿಂತ ಮೊದಲು ಮಾತನಾಡಿದವರು ನನ್ನನ್ನು ಬಹಳ ಹೊಗಳಿದರು. ಕೇಳುತ್ತ ಕೇಳುತ್ತ, ಇವರು ಹೇಳುತ್ತಿರುವ ಆ ಮಹಾನುಭಾವ ಯಾರು, ಅವನನ್ನು ಒಮ್ಮೆ ನೋಡಬೇಕಲ್ಲ ಎಂದು ನನಗೇ ಆಸೆಯಾಯಿತು. ನಾನು ಈ ಊರಿನ ನೀರು ಸರಬರಾಜಿನ ಮುಖ್ಯ ಎಂಜಿನಿಯರು. ಇವತ್ತು ಸಂಜೆ ಕಚೇರಿ ಮುಚ್ಚುವವರೆಗೆ ಮಾತ್ರ. ಆಮೇಲೆ ನಾನೂ ನಿಮ್ಮ ಹಾಗೆ ನಲ್ಲಿ ತಿರುಗಿಸಿ, ನೀರು ಬರದಿದ್ದರೆ ಇಲಾಖೆಯನ್ನು ಬೈಯುವವನು. ಆ ಸುಖಕ್ಕೆ ಬಹಳ ವರ್ಷಗಳಿಂದ ಕಾದಿದ್ದೇನೆ.

ನನ್ನ ಬಗ್ಗೆ ಎಲ್ಲರೂ ಹೇಳಿದ ಒಂದು ಸಂಗತಿ ಮಾತ್ರ ನಿಜ. ನಾನು ಪ್ರತಿದಿನ ಬೆಳಿಗ್ಗೆ ಘಟಕದ ಗೇಟಿನಲ್ಲಿ ನಿಂತು, ಹೋಗಿಬರುವವರಿಗೆಲ್ಲ ಕಾಣುವ ಹಾಗೆ, ನಾವು ಊರಿಗೆ ಬಿಡುವ ನೀರನ್ನು ಒಂದು ಲೋಟ ಕುಡಿಯುತ್ತಿದ್ದೆ. ಅದಕ್ಕೇ ಈ ಸನ್ಮಾನ. ನನ್ನ ಹೆಂಡತಿ ಹೇಳುವುದು ಹೀಗೆ: "ಮನೇಲಿ ಒಂದು ಲೋಟ ಕಾಫಿ ಕೂತ್ಕೊಂಡು ಕುಡಿಯೋಕೆ ಪುರುಸೊತ್ತಿಲ್ಲ. ಗೇಟಲ್ಲಿ ನಿಂತು ನೀರು ಕುಡಿದು ಹೆಸರು ಮಾಡ್ಕೊಂಡ್ರಿ."

ಆದರೆ ಆ ಲೋಟ ನನ್ನದಲ್ಲ. ಅದನ್ನು ಶುರು ಮಾಡಿದವರು ನಾನು ಕೆಲಸಕ್ಕೆ ಸೇರಿದಾಗ ಇದ್ದ ಮುಖ್ಯ ಎಂಜಿನಿಯರು. ಊರವರು ಅವರನ್ನು ಲೋಟದ ಸಾಹೇಬರು ಎಂದೇ ಕರೆಯುತ್ತಿದ್ದರು. ಅವರ ಕಾಲದಲ್ಲಿ ಒಮ್ಮೆ ಮುಖ್ಯ ಕೊಳವೆ ಒಡೆದು, ಚರಂಡಿ ನೀರು ಸೇರಿ, ಊರಿಗೆ ಊರೇ ವಾಂತಿ ಭೇದಿಯಲ್ಲಿ ಮಲಗಿತು. ಕೊಳವೆ ಸರಿಯಾಯಿತು, ನೀರೂ ಸರಿಯಾಯಿತು, ಆದರೆ ಜನ ಕುಡಿಯಲು ಒಪ್ಪಲಿಲ್ಲ. ಯಾಕೆ ಒಪ್ಪಬೇಕು? ಹಾಲಿನಲ್ಲಿ ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರೆ. ಆಗ ಸಾಹೇಬರು ಒಂದು ಕರಿಹಲಗೆ ಮಾಡಿಸಿ ಗೇಟಿನ ಕಂಬಕ್ಕೆ ತೂಗುಹಾಕಿದರು. ಬೆಳಿಗ್ಗೆ ಪ್ರಯೋಗಾಲಯದಿಂದ ಬಂದ ಅಂಕಿಗಳನ್ನು ಸೀಮೆಸುಣ್ಣದಲ್ಲಿ ತಾವೇ ಬರೆಯುತ್ತಿದ್ದರು. ಏನೇನು ಎಷ್ಟಿದೆ, ಎಷ್ಟಿರಬಹುದು, ಎಲ್ಲವನ್ನೂ. ಬರೆದು ಮುಗಿಸಿ, ಕೈ ಒರೆಸಿಕೊಂಡು, ಆಮೇಲೆ ಲೋಟ ಎತ್ತುತ್ತಿದ್ದರು.

ಒಂದು ದಿನ ಅವಸರದಲ್ಲಿ ನಾನು ಅವರಿಗೆ ಲೋಟವನ್ನು ಮೊದಲು ಕೊಟ್ಟೆ. ತೆಗೆದುಕೊಳ್ಳಲಿಲ್ಲ. "ಮೊದಲು ಬೋರ್ಡು, ಆಮೇಲೆ ಲೋಟ ಕಣಯ್ಯ," ಎಂದರು. "ಬೋರ್ಡು ಬರೆದ ಮೇಲೆ ಕುಡಿದ್ರೆ ಎಂಜಿನಿಯರು. ಬೋರ್ಡು ಇಲ್ಲದೆ ಕುಡಿದ್ರೆ ಜಾದೂಗಾರ." ನನಗೆ ನಗು ಬಂದಿತ್ತು, ಆದರೆ ಅವರು ನಗಲಿಲ್ಲ.

ಈಗ ತಂತ್ರಜ್ಞಾನದ ಬಗ್ಗೆ ಎರಡು ಮಾತು ಹೇಳಬೇಕೆಂದು ಸಂಘಟಕರು ಕೇಳಿದ್ದಾರೆ. ನಾನು ಹಳೆಯದೆಲ್ಲ ಚಿನ್ನ ಎನ್ನುವವನಲ್ಲ. ನಮ್ಮ ಪ್ರಯೋಗಾಲಯದಲ್ಲಿ ಈಗಿರುವ ಯಂತ್ರ, ಮೊದಲು ಅರ್ಧ ದಿನ ಹಿಡಿಯುತ್ತಿದ್ದ ಪರೀಕ್ಷೆಯನ್ನು ಚಹಾ ಆರುವುದರೊಳಗೆ ಮುಗಿಸುತ್ತದೆ. ಅದಕ್ಕೆ ಯಾರ ಮುಲಾಜೂ ಇಲ್ಲ, ಯಾರ ಬಡ್ತಿಯ ಚಿಂತೆಯೂ ಇಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತದೆ. ಹಾಗಾದರೆ ತೊಂದರೆ ಎಲ್ಲಿ? ಯಂತ್ರ ಅಂಕಿ ಕೊಡುತ್ತದೆ. ಆ ಅಂಕಿ ಮೇಲಿನ ಕಚೇರಿಗೆ ಹೋಗುತ್ತದೆ. ಅಲ್ಲಿಂದ ನಿಮ್ಮ ಮೊಬೈಲಿಗೆ ಬರುವಾಗ ಅದು ಒಂದು ಹಸಿರು ಚುಕ್ಕಿಯಾಗಿರುತ್ತದೆ. ಇಲಾಖೆಯ ಆ್ಯಪ್ ಬಂತು, ಬೋರ್ಡು ಹೋಯಿತು. ಆ್ಯಪ್ ತೆರೆದರೆ ಮೊದಲು ಕಾಣುವುದು ನನ್ನ ಫೋಟೋ, ಕೈಯಲ್ಲಿ ಲೋಟ, ಕೆಳಗೆ ಹಸಿರು ಚುಕ್ಕಿ. ಆ ಚುಕ್ಕಿ ಕೆಂಪಾದದ್ದನ್ನು ನಿಮ್ಮಲ್ಲಿ ಯಾರಾದರೂ ನೋಡಿದ್ದೀರಾ? ನಾನೂ ನೋಡಿಲ್ಲ. ಕೆಂಪಾಗುವುದೇ ಗೊತ್ತಿಲ್ಲದ ದೀಪ ಹಸಿರಾಗಿದ್ದರೂ ಒಂದೇ, ಆರಿದ್ದರೂ ಒಂದೇ.

ನಂಬಿಕೆಯ ಬಗ್ಗೆಯೂ ಕೇಳಿದ್ದಾರೆ. ಎಂಜಿನಿಯರುಗಳು ದೇವರನ್ನು ನಂಬುತ್ತಾರೋ ಇಲ್ಲವೋ ಎಂದು ಕೆಲವರಿಗೆ ಕುತೂಹಲ. ನನ್ನ ಅಮ್ಮ ತುಂಬ ನಂಬಿದ್ದಳು. ಎದ್ದರೆ ದೇವರು, ಕೂತರೆ ದೇವರು. ಆದರೆ ನೀರಿನ ಕೊಡವನ್ನು ಮುಚ್ಚದೆ ಒಂದು ಕ್ಷಣ ಇಟ್ಟವಳಲ್ಲ. ಚಿಕ್ಕಂದಿನಲ್ಲಿ ಒಮ್ಮೆ ಕೇಳಿದ್ದೆ, "ದೇವರು ನೋಡ್ಕೋತಾನೆ ಅಂತೀಯ, ಮತ್ತೆ ಮುಚ್ಚಳ ಯಾಕಮ್ಮ?" ಅವಳು ಹೇಳಿದಳು, "ದೇವರಿಗೆ ಬೇರೆ ಕೆಲಸ ಇಲ್ವೇನೋ? ಮುಚ್ಚಳ ಹಾಕೋದು ನನ್ನ ಕೆಲಸ." ಎಂಜಿನಿಯರಿಂಗ್ ಕಾಲೇಜಿನಲ್ಲಿ ನಾನು ಇದಕ್ಕಿಂತ ಹೆಚ್ಚಿನದನ್ನು ಕಲಿತೆ ಎಂದು ಹೇಳಲಾರೆ. ಹಾಗಾಗಿ ನಂಬಿಕೆಯ ಮೇಲೆ ನನಗೆ ಸಿಟ್ಟಿಲ್ಲ. ಮುಚ್ಚಳ ಹಾಕಬೇಕಾದವರು ಹಾಕದೆ, ನಂಬಿಕೆ ಇಡಿ ಎಂದು ಇನ್ನೊಬ್ಬರಿಗೆ ಹೇಳಿದಾಗ ಮಾತ್ರ ಸಿಟ್ಟು ಬರುತ್ತದೆ. ನೀವು ನನ್ನ ಲೋಟವನ್ನು ನಂಬಿದಿರಿ. ಆ ನಂಬಿಕೆ ದೊಡ್ಡದು. ಅದರ ಮುಂದೆ ನಾನು ತಲೆಬಾಗುತ್ತೇನೆ. ಆದರೆ ವಿಜ್ಞಾನ ಏನು ಹೇಳುತ್ತದೆ? ಒಬ್ಬ ಗಟ್ಟಿಮುಟ್ಟಾದ ಮುದುಕ ಒಂದು ಲೋಟ ನೀರು ಕುಡಿದು ಬೀಳದೆ ನಿಂತಿದ್ದರೆ, ಅದರಿಂದ ಗೊತ್ತಾಗುವುದು ಮುದುಕ ಗಟ್ಟಿಯಾಗಿದ್ದಾನೆ ಎಂದಷ್ಟೇ.

ಈಗ ವಿಷಯಕ್ಕೆ ಬರುತ್ತೇನೆ. ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ, ನಾನೂ ನೋಡುತ್ತಿದ್ದೇನೆ.

ಈ ಸಭಾಂಗಣ ಇರುವುದು ಊರಿನ ಪೂರ್ವ ಬಡಾವಣೆಯಲ್ಲಿ. ನದಿ ನೀರು ಸಾಲದೆ, ಈಚೆಗೆ ಈ ಭಾಗಕ್ಕೆ ಹೊಸ ಕೊಳವೆಬಾವಿಗಳ ನೀರು ಕೊಡುತ್ತಿದ್ದೇವೆ. ಮುಖ್ಯ ಅತಿಥಿಗಳೇ ಅದನ್ನು ಉದ್ಘಾಟಿಸಿದರು, ಕಲ್ಲಿನ ಮೇಲೆ ಅವರ ಹೆಸರಿದೆ. ಕಳೆದ ತಿಂಗಳು ನಮ್ಮ ಪ್ರಯೋಗಾಲಯದ ಮೇಡಂ ಒಂದು ಅಂಕಿ ತಂದು ನನ್ನ ಮೇಜಿನ ಮೇಲಿಟ್ಟರು. ಎರಡು ಸಲ ಪರೀಕ್ಷೆ ಮಾಡಿಸಿದೆ. ಅಂಕಿ ಬದಲಾಗಲಿಲ್ಲ. ಅದನ್ನು ಮೇಲಿನ ಕಚೇರಿಗೆ ಕಳಿಸಿ, ಜನರಿಗೆ ತಿಳಿಸಲು ಅನುಮತಿ ಕೇಳಿದೆ. ಗೋಪ್ಯ ಎಂಬ ಮುದ್ರೆಯೊಡನೆ ಉತ್ತರ ಬಂತು: ಸಾರ್ವಜನಿಕರಲ್ಲಿ ಆತಂಕ ಉಂಟುಮಾಡಕೂಡದು. ಫೋನು ಮಾಡಿದೆ. ಮೇಲಧಿಕಾರಿಗಳು ಒಳ್ಳೆಯ ಮನುಷ್ಯರೇ, ಮೆತ್ತಗೆ ಹೇಳಿದರು, "ಅಂಕಿ ಕೊಟ್ರೆ ಜನ ಗಾಬರಿಯಾಗ್ತಾರೆ ಕಣ್ರೀ. ನೀವು ಲೋಟ ತೋರಿಸಿ, ಸಾಕು."

ಅವತ್ತಿನಿಂದ ನಾನು ಗೇಟಿನಲ್ಲಿ ಲೋಟ ಎತ್ತಲಿಲ್ಲ. ಊರವರ ಕಣ್ಣು ಚುರುಕು. ಎಂಜಿನಿಯರು ಯಾಕೆ ಕುಡಿಯುತ್ತಿಲ್ಲ ಎಂಬ ಮಾತು ಎದ್ದಿತು. ಒಬ್ಬರು ನೀರಿನಲ್ಲಿ ವಿಷ ಎಂದರು, ಇನ್ನೊಬ್ಬರು ಟ್ಯಾಂಕಿನಲ್ಲಿ ಹೆಣ ಎಂದರು. ಅಂಕಿ ಮುಚ್ಚಿಟ್ಟ ಕಡೆ ಗಾಳಿಸುದ್ದಿ ತಾನಾಗಿ ಬೆಳೆಯುತ್ತದೆ, ಅದಕ್ಕೆ ನೀರು ಹಾಕುವುದೂ ಬೇಡ. ಹೀಗಾಗಿಯೇ ಇವತ್ತಿನ ಕಾರ್ಯಕ್ರಮದಲ್ಲಿ ಕೊನೆಯ ಅಂಶವಾಗಿ ನಾನು ನಿಮ್ಮೆದುರು ಈ ಭಾಗದ ನೀರನ್ನು ಕುಡಿಯಬೇಕು ಎಂದು ಹಾಕಿದ್ದಾರೆ. ಇಗೋ, ಈ ಮೇಜಿನ ಮೇಲಿರುವ ಲೋಟ ಅದೇ. ಈ ಸಭಾಂಗಣದ ನಲ್ಲಿಯಿಂದಲೇ ತಂದದ್ದು. ನನ್ನ ಅಕ್ಕಪಕ್ಕದ ಹಿರಿಯರ ಮುಂದೆ ಸೀಲು ಮಾಡಿದ ಬಾಟಲಿಗಳಿವೆ. ನಲ್ಲಿ ನೀರಿನ ಗೌರವವನ್ನು ನನಗೊಬ್ಬನಿಗೇ ಬಿಟ್ಟುಕೊಟ್ಟಿದ್ದಾರೆ, ಅವರ ದೊಡ್ಡ ಮನಸ್ಸು.

ಸರ್ಕಾರದಲ್ಲಿ ಗುಟ್ಟೇ ಇರಬಾರದೆ? ಇರಬೇಕು. ಪಂಪ್‌ಹೌಸಿನ ಕೀಲಿ ಎಲ್ಲಿದೆ, ಯಾವ ವಾಲ್ವು ತಿರುಗಿಸಿದರೆ ಯಾವ ಬೀದಿ ಒಣಗುತ್ತದೆ, ಇದನ್ನೆಲ್ಲ ನಾನು ಹೆಂಡತಿಗೂ ಹೇಳಿಲ್ಲ. ಅವಳೂ ಕೇಳಿಲ್ಲ. ಮನೆಯ ಕೀಲಿ ಗುಟ್ಟಾಗಿರಲಿ. ಆದರೆ ಮನೆಯವರು ಉಣ್ಣುವ ಅನ್ನದಲ್ಲಿ ಏನಿದೆ ಎಂಬುದನ್ನು ಮನೆಯವರಿಂದಲೇ ಬಚ್ಚಿಟ್ಟರೆ, ಅದಕ್ಕೆ ಗುಟ್ಟು ಎನ್ನುತ್ತಾರೆಯೇ?

ಕಳೆದ ಭಾನುವಾರ ಮಗನ ಮನೆಗೆ ಹೋಗಿದ್ದೆ. ಅವರೂ ಇದೇ ಬಡಾವಣೆಯವರು. ನನ್ನ ಮೊಮ್ಮಗಳು ಹುಟ್ಟಿ ಇನ್ನೂ ನಾಲ್ಕು ತಿಂಗಳಾಗಿಲ್ಲ. ಇಷ್ಟು ದಿನ ತಾಯಿಹಾಲು ಕುಡಿಯುತ್ತಿದ್ದಳು. ಸೊಸೆ ಮತ್ತೆ ಕೆಲಸಕ್ಕೆ ಹೋಗಬೇಕು, ಹಾಗಾಗಿ ಅವತ್ತು ಮೊದಲ ಸಲ ಹಾಲಿನ ಪುಡಿ ಕಲಸುತ್ತಿದ್ದಳು. ನಾನು ಅಡುಗೆಮನೆಗೆ ಹೋಗಿ ಅವಳ ಕೈಯಿಂದ ಬಾಟಲಿ ತೆಗೆದುಕೊಂಡೆ.

"ಯಾಕೆ ಮಾವ?"

"ನಲ್ಲಿ ನೀರು ಬೇಡಮ್ಮ."

"ಚೆನ್ನಾಗಿ ಕುದಿಸಿದೀನಿ. ಮೊದಲು ಹೆದರಿಕೆ ಇತ್ತು, ಜನ ಏನೇನೋ ಮಾತಾಡ್ತಾರಲ್ಲ. ಆಮೇಲೆ ಮೊಬೈಲಲ್ಲಿ ನಿಮ್ಮ ಫೋಟೋ ನೋಡಿದೆ. ಧೈರ್ಯ ಬಂತು."

ಬಾಟಲಿಯನ್ನು ಸಿಂಕಿಗೆ ಸುರಿದೆ. ಸೊಸೆಗೆ ಎಲ್ಲವನ್ನೂ ಹೇಳಿದೆ. ಆಜ್ಞೆ ಮುರಿದದ್ದು ಅಲ್ಲೇ, ಸಿಂಕಿನ ಮುಂದೆ. ಅವಳು ಮಗುವನ್ನು ಎತ್ತಿ ಹೆಗಲಿಗೆ ಹಾಕಿಕೊಂಡಳು. ನನ್ನನ್ನು ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ. "ಪಕ್ಕದ ಮನೇಲೂ ಒಂದು ಪಾಪು ಇದೆ ಮಾವ," ಎಂದಳು. "ಅವರಿಗೆ ಯಾರು ಹೇಳ್ತಾರೆ?"

ಚಪ್ಪಲಿ ಮೆಟ್ಟಿಕೊಂಡು ಪಕ್ಕದ ಮನೆಗೆ ಹೋಗಿ ಹೇಳಿದೆ. ಆ ಮನೆಯಾಕೆ, ತನ್ನ ತಂಗಿ ಹಿಂದಿನ ಬೀದಿಯಲ್ಲಿದ್ದಾಳೆ, ಅವಳದೂ ಎಳೆಗೂಸು ಎಂದಳು. ಅಲ್ಲಿಗೂ ಹೋದೆ. ಸಂಜೆಯವರೆಗೆ ಅಲೆದೆ. ಈ ಬಡಾವಣೆಯ ಬೀದಿಗಳಲ್ಲಿ ಏರು ಜಾಸ್ತಿ, ನನ್ನ ಮೊಣಕಾಲು ಹಳೆಯದು. ಎಷ್ಟು ಬಾಗಿಲು ತಟ್ಟಲಿ? ಆಗ ನೆನಪಾಯಿತು, ವಾರದೊಳಗೆ ನನಗೆ ಇದೇ ಬಡಾವಣೆಯಲ್ಲಿ ಸನ್ಮಾನವಿದೆ, ಸಭಾಂಗಣ ತುಂಬಿರುತ್ತದೆ, ಮೈಕೂ ಇರುತ್ತದೆ.

ಆದ್ದರಿಂದ ಹೇಳುತ್ತೇನೆ. ಪೂರ್ವ ಬಡಾವಣೆಯ ನೀರಿನಲ್ಲಿ ನೈಟ್ರೇಟ್ ಎಂಬ ಲವಣ ಹೆಚ್ಚಾಗಿದೆ. ಗೊಬ್ಬರದಿಂದ, ಚರಂಡಿಯಿಂದ ನೆಲಕ್ಕೆ ಇಂಗಿ ಬಂದದ್ದು. ಒಂದು ಲೀಟರಿನಲ್ಲಿ ನಲವತ್ತೈದು ಮಿಲಿಗ್ರಾಂ ಮೀರಬಾರದು. ಇವತ್ತು ಬೆಳಿಗ್ಗೆ ಎಪ್ಪತ್ತೊಂದು ಇತ್ತು. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ನಾನು ಕುಡಿದರೆ ನನಗೆ ಏನೂ ಆಗುವುದಿಲ್ಲ. ಅದೇ ಇದರ ಮೋಸ. ಎಳೆಗೂಸಿನ ಹಾಲಿಗೆ ಇದನ್ನು ಬೆರೆಸಿದರೆ, ಮಗುವಿನ ರಕ್ತ ಉಸಿರನ್ನು ಸರಿಯಾಗಿ ಹೊರಲಾರದು, ತುಟಿ ಉಗುರು ನೀಲಿಯಾಗಬಹುದು. ಹಾಗೆ ಕಂಡರೆ ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಓಡಿ. ಕುದಿಸಿದರೆ ಈ ಲವಣ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಗಟ್ಟಿಯಾಗುತ್ತದೆ. ಕೂಸುಗಳಿಗೆ ಈ ನೀರು ಬೇಡ. ಬಸುರಿ ಹೆಂಗಸರೂ ಕುಡಿಯುವುದು ಬೇಡ. ಉಳಿದವರು ಗಾಬರಿಯಾಗಬೇಕಿಲ್ಲ. ಘಟಕದ ಗೇಟಿನ ಪಕ್ಕದ ನಲ್ಲಿಯಲ್ಲಿ ನದಿಯ ನೀರು ಬರುತ್ತದೆ, ಅದರಲ್ಲಿ ಈ ತೊಂದರೆ ಇಲ್ಲ. ಅದನ್ನು ಇವತ್ತು ಬೆಳಿಗ್ಗೆಯಿಂದ ಎಲ್ಲರಿಗೂ ತೆರೆದಿಟ್ಟಿದ್ದೇನೆ. ಅದೇ ನೀರಿನ ಟ್ಯಾಂಕರುಗಳು ಈಗಾಗಲೇ ಈ ಬೀದಿಗಳಿಗೆ ಹೊರಟಿವೆ. ಇಷ್ಟು ಮಾಡುವ ಅಧಿಕಾರ ನನಗಿದೆ, ಯಾರನ್ನೂ ಕೇಳಬೇಕಿಲ್ಲ.

ನೋಡಿ, ನೀವು ಗಾಬರಿಯಾಗಲಿಲ್ಲ. ಯಾರೂ ಎದ್ದು ಓಡಲಿಲ್ಲ. ಒಬ್ಬ ತಾಯಿ ಮಾತ್ರ ಎದ್ದು ಹೊರಗೆ ಹೋಗಿ ಮನೆಗೆ ಫೋನು ಮಾಡುತ್ತಿದ್ದಾರೆ. ನಾನು ಭಾಷಣ ಮಾಡಿದ್ದು ಅವರೊಬ್ಬರಿಗಾಗಿಯೇ ಎಂದುಕೊಂಡರೂ ನನಗೆ ತೃಪ್ತಿ.

ಒಂದು ದಿನ ತಡೆದು ನಾಳೆ ಹೇಳಬಹುದಿತ್ತಲ್ಲ, ನಿವೃತ್ತಿಯಾದ ಮೇಲೆ ನಿಮಗೂ ತೊಂದರೆ ಇರುತ್ತಿರಲಿಲ್ಲವಲ್ಲ ಎಂದು ನನ್ನ ಹಿತೈಷಿಗಳು ಕೇಳಬಹುದು. ನಾಳೆ ಹೇಳಿದರೆ ಅದು ಮನೆಯಲ್ಲಿ ಕೂತ ಮುದುಕನ ಗೊಣಗಾಟ. ಇವತ್ತು ಹೇಳಿದರೆ ಅದು ಮುಖ್ಯ ಎಂಜಿನಿಯರನ ಮಾತು. ಇಲಾಖೆ ನನ್ನ ಮೇಲೆ ಕ್ರಮ ಕೈಗೊಳ್ಳಬಹುದು. ಕೈಗೊಳ್ಳಲಿ, ಅದು ಅವರ ಕೆಲಸ. ಮುಚ್ಚಳ ಹಾಕುವುದು ನನ್ನ ಕೆಲಸ.

ವೇದಿಕೆಯ ಮೂಲೆಯಲ್ಲಿ ಬಟ್ಟೆ ಹೊದಿಸಿಟ್ಟಿರುವುದನ್ನು ನನಗೆ ಕೊಡುವ ನೆನಪಿನ ಕಾಣಿಕೆ ಎಂದು ನೀವು ಭಾವಿಸಿರಬಹುದು. ಮೇಡಂ, ಬಟ್ಟೆ ತೆಗೆಯಿರಿ. ಇದು ಸಾಹೇಬರ ಹಳೆಯ ಬೋರ್ಡು. ಉಗ್ರಾಣದಲ್ಲಿ ಮುರಿದ ಕುರ್ಚಿಗಳ ಹಿಂದೆ ಇತ್ತು. ಇವತ್ತಿನ ಅಂಕಿಗಳನ್ನು ಮೇಡಂ ಅವರೇ ಬರೆದಿದ್ದಾರೆ, ಅವರ ಅಕ್ಷರ ನನ್ನದಕ್ಕಿಂತ ದುಂಡಗಿದೆ.

ಈಗ ನಾನು ಲೋಟ ಎತ್ತಬಹುದು. ಫೋಟೋ ತೆಗೆಯುವವರೇ, ಸ್ವಲ್ಪ ತಡೆಯಿರಿ, ಹಿಂದೆ ಸರಿಯಿರಿ. ಬೋರ್ಡೂ ಚೌಕಟ್ಟಿನಲ್ಲಿ ಬರಲಿ. ಬರದಿದ್ದರೆ ದಯವಿಟ್ಟು ಫೋಟೋ ಬೇಡ.

ಹಾಂ. ಗಂಟಲು ಒಣಗಿತ್ತು, ಅದಕ್ಕೆ ಕುಡಿದೆ. ಬೇರೆ ಅರ್ಥವಿಲ್ಲ.

ನನ್ನನ್ನು ಕರೆದು ಗೌರವಿಸಿದ ಸಂಘಟಕರಿಗೆ, ಇಷ್ಟು ಹೊತ್ತು ತಡೆಯದೆ ಮಾತನಾಡಲು ಬಿಟ್ಟ ಅಧ್ಯಕ್ಷರಿಗೆ, ನನ್ನನ್ನು ಬೈಯದೆ ಪಕ್ಕದ ಮನೆಯ ಮಗುವನ್ನು ನೆನಪಿಸಿದ ನನ್ನ ಸೊಸೆಗೆ ನಾನು ಋಣಿ. ಕೊನೆಯದಾಗಿ ಒಂದು ಬೇಡಿಕೆ. ಈ ಬೋರ್ಡು ಬಹಳ ಭಾರ, ನನ್ನ ಮೊಣಕಾಲಿನ ಕಥೆ ಹೇಳಿದೆ. ಗೇಟಿನ ಕಂಬದಲ್ಲಿ ಹಳೆಯ ಮೊಳೆ ಇನ್ನೂ ಇದೆ, ಬೆಳಿಗ್ಗೆ ಅಲುಗಿಸಿ ನೋಡಿದೆ, ಗಟ್ಟಿಯಾಗಿದೆ. ಕಚೇರಿ ಮುಚ್ಚಲು ಇನ್ನೂ ಸ್ವಲ್ಪ ಹೊತ್ತಿದೆ. ನಿಮ್ಮಲ್ಲಿ ನಾಲ್ಕು ಜನ ಕೈ ಕೊಟ್ಟರೆ, ಅಷ್ಟರೊಳಗೆ ತಲುಪಿಸಬಹುದು.

ಬರುವವರು ಬನ್ನಿ. ನಮಸ್ಕಾರ.