ಸೋರೆಬಳ್ಳಿಯ ಕೆಳಗೊಬ್ಬ ಪ್ರವಾದಿ

…ಬೈಬಲ್ಲನ್ನ ಹೀಬ್ರೂ ಭಾಷೇಲೇ ಓದಿದೋನು ಭಾವ ನಾನು, ಇಡೀ ಫ್ರೀಮಾಂಟಿನಲ್ಲಿ ಇನ್ನೊಬ್ಬನಿಲ್ಲ. ಯಾಕೆ ನಗ್ತೀರಿ? ಸರಿ, ಸುಳ್ಳು. ಹಲ್ಲಿನ ಡಾಕ್ಟರ ಹತ್ರ ಕಾಯ್ತಾ ಕೂತಾಗ ಮಕ್ಕಳ ಚಿತ್ರದ ಪುಸ್ತಕದಲ್ಲಿ ನೋಡಿದ್ದು. ಆದ್ರೆ ಯೋನನ ಕಥೆ ಅದರಲ್ಲಿತ್ತು, ಅದು ನಿಜ. ಟೀ ಕುಡೀರಿ, ಆರುತ್ತೆ. ಈ ಹೇವರ್ಡ್ ಊರಿಗೆ ಬಂದಿದ್ದೇ ನಿಮ್ಮ ಒಣಗಿದ ಬಳ್ಳಿ ಬದಲು ಹೊಸ ಸೋರೆ ಸಸಿ ಕೊಡಿಸೋಕೆ. ನರ್ಸರಿ ಎಲ್ಲೂ ಓಡಿಹೋಗಲ್ಲ.

ಈ ಯೋನ ಒಬ್ಬ ಪ್ರವಾದಿ. ನಿನೆವೆ ಪಟ್ಟಣಕ್ಕೆ ಹೋಗಿ 'ನಲವತ್ತು ದಿನದಲ್ಲಿ ನಾಶವಾಗ್ತೀರಿ' ಅಂತ ಸಾರು ಅಂದ ದೇವರು. ಇವನು ಉಲ್ಟಾ ದಿಕ್ಕಿನ ಹಡಗು ಹತ್ತಿದ. ಬಿರುಗಾಳಿ, ಸಮುದ್ರ, ಮೀನಿನ ಹೊಟ್ಟೆ… ಮೀನಿಗೂ ಇವನ ಸಹವಾಸ ಸಾಕಾಗಿ ದಡಕ್ಕೆ ಕಕ್ಕಿಬಿಡ್ತು. ಆಮೇಲೆ ಹೋಗಿ ಸಾರಿದ. ಊರಿನೋರು ತಿದ್ದಿಕೊಂಡ್ರು, ದೇವರು ಕ್ಷಮಿಸಿದ. ಇವನಿಗೆ ಖುಷಿಯಾಗಬೇಕು ತಾನೆ? ಎಲ್ಲಿ… ನನ್ನ ಮಾತು ಸುಳ್ಳಾಯ್ತಲ್ಲ ಅಂತ ಮುಖ ಊದಿಸಿಕೊಂಡು ಊರಾಚೆ ಹೋಗಿ ಕೂತ.

ಯಾಕೆ ಹಾಗೆ ನೋಡ್ತೀರಿ? ನಿಮ್ಮ ಹೆಸರು ಎತ್ತಿದ್ನಾ? ಸರಿ, ಎತ್ತೇಬಿಡ್ತೀನಿ. ರಂಜನಿ ಪಾಲೋ ಆಲ್ಟೋದ ಕೆಲಸ ಬಿಟ್ಟು ಟೀ ಅಂಗಡಿ ಇಡ್ತೀನಿ ಅಂದಾಗ, 'ಆರು ತಿಂಗಳಲ್ಲಿ ಬಾಗಿಲು ಹಾಕ್ತೀಯ' ಅಂದೋರು ನೀವು. ಎರಡು ವರ್ಷವಾಯ್ತು, ಹಾಕಲಿಲ್ಲ. ಪಾಪ, ಅಪ್ಪನ ಕಷ್ಟ ಯಾರಿಗೆ ಬೇಕು. ಮಗಳ ಹತ್ರ ಮಾತು ಬಿಟ್ಟು, ಅಂಗಡಿ ಯಾವ ಬೀದೀಲಿದೆ ಅಂತಲೂ ಕೇಳದೆ, ಹಿತ್ತಲ ಸೋರೆ ಚಪ್ಪರದ ಕೆಳಗೆ ಕುರ್ಚಿ ಹಾಕ್ಕೊಂಡು ಕೂತುಬಿಟ್ರಿ.

ಯೋನನಿಗೂ ದೇವರು ಸೋರೆಬಳ್ಳೀನೇ ಕೊಟ್ಟಿದ್ದು. ತಣ್ಣನೆ ನೆರಳು. ಮಾರನೇ ದಿನ ಒಂದು ಹುಳ ಕಳಿಸಿದ, ಬಳ್ಳಿ ಒಣಗಿತು. ಇವನ ಗೋಳು ಶುರುವಾಯ್ತು. ಆಗ ದೇವರು ಕೇಳಿದ: ನೀನು ನೆಡದ ಬಳ್ಳಿಗೆ ಇಷ್ಟು ಮರುಗ್ತೀಯಲ್ಲ, ನಾನು ಅಷ್ಟು ದೊಡ್ಡ ಊರಿಗೆ ಮರುಗಬಾರದಾ?… ನಿಮ್ಮ ಬಳ್ಳಿ ನೀವೇ ನೆಟ್ಟಿದ್ದು, ಒಪ್ಪಿದೆ. ಮಗಳನ್ನ ಯಾರು ನೆಟ್ಟಿದ್ದು, ಪಕ್ಕದ ಮನೆಯೋರಾ?

ಏನಂದ್ರಿ, ನಿಮ್ಮ ಬಳ್ಳಿ ಬುಡ ಕತ್ತರಿಸಿದ ಹಾಗಿತ್ತಾ? ಅಮೆರಿಕದ ಹುಳ ಭಾವ, ನೀಟಾಗಿ ಕೆಲಸ ಮಾಡುತ್ತೆ. ನನ್ನ ಕೈ ಯಾಕೆ ನೋಡ್ತೀರಿ? ಟೀ ನೋಡಿ. ಜಜ್ಜಿದ ಶುಂಠಿ, ಕೊನೇಲಿ ಒಂದು ಚಿಟಿಕೆ ಮೆಣಸಿನ ಪುಡಿ… ಥೇಟು ನಮ್ಮ ಜಲಜಕ್ಕ ನಿಮ್ಮನೇಲಿ ಮಾಡೋ ಥರಾನೇ…

ಭಾವ?

ಲೋಟ ಯಾಕೆ ಕೆಳಗಿಟ್ರಿ? ಹೂಂ. ಒಳಗಿಂದ ಬಂದೋಳು ರಂಜನೀನೇ, ಅಂಗಡಿ ಅವಳದೇ. ನಿಮ್ಮನ್ನ ಕರಕೊಂಡು ಬರ್ತೀನಿ ಅಂತ ಅವಳಿಗೂ ಹೇಳಿರಲಿಲ್ಲ. ನೋಡಿ, ಸೋಸೋ ಜಾಲರಿ ಕೈಯಲ್ಲಿ ಹಿಡಿದು ಹಾಗೇ ನಿಂತುಬಿಟ್ಲು, ಒಲೆ ಮೇಲೆ ಹಾಲು ಉಕ್ತಿದ್ರೂ…

ಏಳಿ ಭಾವ. ನಾನು ಪರ್ಸು ಮರೆತು ಬಂದಿದ್ದೀನಿ. ಜೇಬಲ್ಲಿ ಉಬ್ಬಿರೋದಾ? ಅದು ಕತ್ತರಿ. ಕೌಂಟರಿಗೆ ಹೋಗಿ ನನ್ನ ಟೀ ದುಡ್ಡೂ ನೀವೇ ಕೊಟ್ಟುಬಿಡಿ.