ಊದದೆ ಉಳಿದ ಸರದಿ

ಇದು ಯಾರೋ ಯಾರಿಗೋ ಹೇಳಿದ್ದಲ್ಲ. ನನ್ನ ಚಿಕ್ಕಪ್ಪನ ಮಗನಿಗೇ ಆದದ್ದು. ಆ ದೀಪ ಸ್ವಲ್ಪ ಸಣ್ಣಗೆ ಮಾಡಿ, ಹೇಳುತ್ತೇನೆ.

ಆ ರಾತ್ರಿ ಅವನು ಹೋಟೆಲಿನ ಹಿಂಬಾಗಿಲಿಂದ ಹೊರಬಿದ್ದು ಬಾವಿ ಓಣಿಯಲ್ಲಿ ನಡೆದು ಬರುತ್ತಿದ್ದ. ಮಾರನೇ ಸಂಜೆ ಅದೇ ಹೋಟೆಲಿನ ಸಭಾಂಗಣದಲ್ಲಿ ಅವನ ಪಿಯಾನೋ ಕಛೇರಿ. ಶ್ರುತಿ ಸರಿಯಿದೆಯೇ ಎಂದು ನೋಡಲು ಹೋದವನಿಗೆ ಹೊತ್ತು ಹೋದದ್ದೇ ತಿಳಿಯಲಿಲ್ಲ. ಮ್ಯಾನೇಜರ್ ಕಾರು ಕಳಿಸುತ್ತೇನೆ ಎಂದರೂ ಬೇಡವೆಂದ. ಎಷ್ಟೋ ವರ್ಷದ ಮೇಲೆ ಊರಿಗೆ ಬಂದವನು, ಆ ಓಣಿಯನ್ನು ಕಾರಿನ ಗಾಜಿನೊಳಗಿಂದ ನೋಡಲು ಅವನಿಗೇ ನಾಚಿಕೆಯಾಯಿತು.

ಅಂಗಡಿಗಳೆಲ್ಲ ಮುಚ್ಚಿದ್ದವು. ಅವನ ಬೂಟಿನ ಸದ್ದು ಬಿಟ್ಟರೆ ಬೇರೇನೂ ಇಲ್ಲ... ಬಾವಿ ಹತ್ತಿರ ಬಂದಾಗ ಕೇಳಿಸಿತು.

ಟಪ್... ಟಪ್ ಟಪ್... ಟಪ್.

ನಲ್ಲಿ ತೊಟ್ಟಿಕ್ಕುವ ಸದ್ದು ಒದ್ದೆಯಾಗಿರುತ್ತದೆ. ಇದು ಒಣ ಸದ್ದು. ಹಿತ್ತಾಳೆಯ ತೂತಿನ ಮೇಲೆ ಚರ್ಮದ ಬಿಲ್ಲೆ ಕೂತು ಏಳುವ ಸದ್ದು. ಸ್ಯಾಕ್ಸೋಫೋನನ್ನು ಊದದೆ ಬರೀ ಬೆರಳು ಆಡಿಸಿದರೆ ಬರುತ್ತದಲ್ಲ, ಅದು.

ಅವನ ಕಾಲು ನಿಂತೇಹೋಯಿತು. ಆ ಬೆರಳು ಯಾರದೆಂದು ಅವನಿಗೆ ಗೊತ್ತಿತ್ತು.

ನನ್ನ ಈ ತಮ್ಮ ಚಿಕ್ಕವನಿದ್ದಾಗಿಂದ ಊಟದ ತಟ್ಟೆ, ಕಿಟಕಿ ಸರಳು, ತಂಗಿಯ ಬೆನ್ನು, ಕೈಗೆ ಸಿಕ್ಕಿದ್ದರ ಮೇಲೆಲ್ಲ ಬೆರಳು ಕುಣಿಸುತ್ತಿದ್ದ. ಶಾಲೆಯಲ್ಲಿ ಮೂಲೆಗುಂಪಾಗಿದ್ದ ಪಿಯಾನೋ ಸಿಕ್ಕಿದ ಮೇಲೆ ಊಟವೂ ಮರೆತ. ಅದರ ಕರಿ ಬಿಳಿ ಮನೆಗಳ ಮೇಲೆ ಸದಾ ಬೆರಳಾಡಿಸುತ್ತಿದ್ದವನಿಗೆ ನಾವು ಕರಿಬಿಳಿ ಎಂದು ಹೆಸರಿಟ್ಟೆವು. ಹೋಟೆಲಿನ ಜಾಝ್ ಬ್ಯಾಂಡಿಗೆ ಅವನನ್ನು ಕೈಹಿಡಿದು ಕರೆದೊಯ್ದವನು ಅಲ್ಲಿ ಸ್ಯಾಕ್ಸೋಫೋನ್ ಊದುತ್ತಿದ್ದ ಸ್ಯಾಕ್ಸಣ್ಣ. ಬಾವಿ ಓಣಿಯಲ್ಲಿ ಬಾಡಿಗೆಗಿದ್ದ. "ಮನೇಲಿ ಊದಿದ್ರೆ ಒಂದು ನೀವಿರ್ಬೇಕು, ಇಲ್ಲ ನಾನಿರ್ಬೇಕು" ಎಂದಿದ್ದನಂತೆ ಮನೆಯ ಮಾಲೀಕ. ಅದಕ್ಕೇ ರಾತ್ರಿ ಬಾವಿಕಟ್ಟೆಯ ಮೇಲೆ ಕೂತು, ಊದದೆ, ಬರೀ ಬೆರಳಲ್ಲಿ ಅಭ್ಯಾಸ ಮಾಡುತ್ತಿದ್ದ.

ಜಾಝ್ ಎಂದರೆ ಬರೆದಿಟ್ಟದ್ದನ್ನು ಒಪ್ಪಿಸುವುದಲ್ಲ. ಒಂದು ಧಾಟಿ ಎತ್ತಿಕೊಂಡು ಒಬ್ಬೊಬ್ಬರು ತಮ್ಮ ಸರದಿಯಲ್ಲಿ ಅಲ್ಲಲ್ಲೇ ಹೊಸೆಯುತ್ತ ಹೋಗುತ್ತಾರೆ. ಮುಗಿಸಿದವನು ಪಕ್ಕದವನ ಕಡೆ ತಿರುಗಿ ತಲೆ ಆಡಿಸಬೇಕು. "ನಿಂದು ಮುಗೀತು ಅಂದ್ರೆ ತಲೆ ಆಡಿಸು ಮಾರಾಯ," ಎಂದು ಸ್ಯಾಕ್ಸಣ್ಣನೇ ಕಲಿಸಿದ್ದ. "ಅಲ್ಲೀವರೆಗೂ ನಾನು ಬಾಯಿಗೆ ಇಟ್ಕೊಂಡು ಕಾಯ್ತಿರ್ತೀನಿ." ತನ್ನ ಸರದಿ ಊದಿ ಮುಗಿಸಿದ ಮೇಲೆ ವಾದ್ಯ ಬಾಗಿಸಿ, ಒಳಗೆ ಉಸಿರು ನೀರಾದದ್ದನ್ನು ಪಿಯಾನೋದ ಬಲಗಡೆ ನೆಲಕ್ಕೆ ಚೆಲ್ಲುವುದು ಅವನ ರೂಢಿ. ಗುಡಿಸುವವಳು ದಿನಾ ಬೈಯುತ್ತಿದ್ದಳು.

ಒಂದು ಸಂಜೆ ದೊಡ್ಡ ರೆಕಾರ್ಡ್ ಕಂಪನಿಯವನು ಕೇಳಲು ಬಂದ. ಮೊದಲ ಸರದಿ ಕರಿಬಿಳಿಯದು. ನುಡಿಸಿದ. ಇನ್ನೂ ನುಡಿಸಿದ. ಪಕ್ಕದಲ್ಲಿ ಸ್ಯಾಕ್ಸಣ್ಣ ಎದ್ದು ನಿಂತದ್ದು ಕಾಣಿಸಿತು. ಬೆರಳು ಬಿಸಿ ಮಾಡಿಕೊಳ್ಳುವ ಟಪ್ ಟಪ್ ಕೇಳಿಸಿತು. ಕೇಳಿಸಿಯೂ ಇವನು ತಲೆ ಇನ್ನಷ್ಟು ತಗ್ಗಿಸಿ ಪಿಯಾನೋದ ಮನೆಗಳ ಮೇಲೇ ಕಣ್ಣು ನೆಟ್ಟ. ಹಾಡು ಮುಗಿದೇಹೋಯಿತು. ಚಪ್ಪಾಳೆ ಬಿತ್ತು. ಸ್ಯಾಕ್ಸಣ್ಣ ರೂಢಿಯ ಬಲದಿಂದ ವಾದ್ಯ ಬಾಗಿಸಿದ...

ಒಂದು ಹನಿಯೂ ಬೀಳಲಿಲ್ಲ.

"ಇರ್ಲಿ ಬಿಡೋ," ಎಂದನಂತೆ ಆಮೇಲೆ. "ನಿಂದು ಇನ್ನೂ ಮುಗಿದಿರಲಿಲ್ಲ ಅಂತ ಕಾಣುತ್ತೆ."

ಕಂಪನಿಯವನು ಕರಿಬಿಳಿಯನ್ನು ಮಾತ್ರ ಕರೆದೊಯ್ದ. ರೆಕಾರ್ಡು ಬಂತು, ರೇಡಿಯೋ ಬಂತು, ದೇಶ ದೇಶ ಸುತ್ತಿದ. ಸ್ಯಾಕ್ಸಣ್ಣ ತೀರಿಕೊಂಡ ಸುದ್ದಿ ಮುಟ್ಟಿಸಿದವಳು ನಾನೇ. "ಇವತ್ತು ಕಛೇರಿ ಇದೆ ಅಕ್ಕ" ಎಂದ. ಮಾರನೇ ದಿನ ಬರಬಹುದಿತ್ತು. ಬರಲಿಲ್ಲ. ಆ ಹಾಡನ್ನು ಮತ್ತೆ ಎಲ್ಲಿಯೂ ನುಡಿಸಲೂ ಇಲ್ಲ.

ಈಗ ಬಾವಿಕಟ್ಟೆಯ ಕತ್ತಲಲ್ಲಿ ಅದೇ ಹಾಡಿನ ಬೆರಳು.

"ಅಣ್ಣಾ..." ಎಂದ, ಪಿಸುದನಿಯಲ್ಲಿ.

ಸದ್ದು ನಿಂತಿತು.

"ಮುಗೀತೇನೋ ನಿಂದು?"

ಬೈದ ದನಿಯಲ್ಲ. ವೇದಿಕೆಯ ಮೇಲೆ ಪಕ್ಕದಲ್ಲಿ ನಿಂತವನು ಕೇಳುವ ಹಾಗೆ... ಮೆಲ್ಲಗೆ. ತಲೆ ಆಡಿಸಿದ್ದರೆ ಸಾಕಿತ್ತು. ಕತ್ತು ಬಗ್ಗಲಿಲ್ಲ. ಇವನು ಓಡಿದ. ಹಿಂದೆ ಮತ್ತೆ ಶುರುವಾಯಿತು. ಟಪ್... ಟಪ್ ಟಪ್...

ಬಾಗಿಲು ತೆಗೆದವಳು ನಾನು. "ಏನೋ, ವಯಸ್ಸಾದ್ಮೇಲೆ ಓಟದ ಹುಚ್ಚು ಹತ್ತಿತಾ?" ಎಂದೆ. ಅವನ ಮುಖ ನೋಡಿ ಕೈಹಿಡಿದು ಒಳಗೆ ಕರೆದುಕೊಂಡೆ. ಅಡುಗೆಮನೆಯಲ್ಲಿ ಕೂತು ಎಲ್ಲ ಹೇಳಿದ. ಕಂಪನಿಯವನು ಬಂದಿದ್ದ ಆ ಸಂಜೆಯ ಸಂಗತಿ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

"ಹೋದವರು ಕಾಯಲ್ಲ ಕಣೋ," ಎಂದೆ.

"ಕಾಯೋ ಹಾಗೆ ಮಾಡಿದ್ದು ನಾನಲ್ವಾ ಅಕ್ಕ."

ಮಾರನೇ ಸಂಜೆ ನಾನು ಮೊದಲ ಸಾಲಿನಲ್ಲಿದ್ದೆ. ವೇದಿಕೆಯ ಮೇಲೆ ಅವನು ಮತ್ತು ಡ್ರಮ್ಮಿನವನು, ಇಬ್ಬರೇ. ಕೊನೆಗೆ ಆ ಹಾಡು ಎತ್ತಿಕೊಂಡ. ಚಿಕ್ಕದಾಗಿ ತನ್ನ ಸರದಿ ಮುಗಿಸಿದ. ಕೈ ಎರಡೂ ತೊಡೆಯ ಮೇಲಿಟ್ಟ. ಬಲಗಡೆ, ಯಾರೂ ಇಲ್ಲದ ಕಡೆ ತಿರುಗಿ... ತಲೆ ಆಡಿಸಿದ.

ಡ್ರಮ್ಮಿನವನು ಗಾಬರಿಯಿಂದ ತಾಳ ಮಾತ್ರ ಹಿಡಿದುಕೊಂಡ. ಛಿಸ್... ಛಿಸ್... ಯಾರೋ ಕೆಮ್ಮಿದರು. ಹಿಂದಿನ ಸಾಲಿನಲ್ಲಿ ಒಬ್ಬಳು ಕಿಸಕ್ಕೆಂದಳು. ಅವನು ತಲೆ ತಗ್ಗಿಸಿ, ಬೈಸಿಕೊಳ್ಳುವ ಹುಡುಗನ ಹಾಗೆ ಕೂತೇ ಇದ್ದ. ಒಂದು ಸರದಿ ಪೂರ್ತಿಯಾಗುವಷ್ಟು ಹೊತ್ತು ಕಳೆದ ಮೇಲೆ ಕೊನೆಯ ಸಾಲು ನುಡಿಸಿ ಎದ್ದ.

"ಮರ್ತುಹೋಯ್ತಾ ಸಾರ್?" ಎಂದು ಡ್ರಮ್ಮಿನವನು ಮೆಲ್ಲಗೆ ಕೇಳಿದ.

"ಹೂಂ" ಎಂದ ಇವನು. ಆಗಲೂ ನಿಜ ಬಾಯಿಗೆ ಬರಲಿಲ್ಲ. ಪತ್ರಿಕೆಯವರೂ ಹಾಗೆಯೇ ಬರೆದರು, ವಯಸ್ಸಾಯಿತು, ಹಾಡು ಮರೆತುಹೋಯಿತು ಎಂದು. ಅವನು ತಿದ್ದಲಿಲ್ಲ.

ಜನ ಹೋದ ಮೇಲೆ ಅವನ ಕೋಟು ತರಲು ನಾನು ವೇದಿಕೆ ಹತ್ತಿದೆ. ಪಿಯಾನೋ ಕೆಡುತ್ತದೆಂದು ಹೋಟೆಲಿನವರು ಅಲ್ಲಿ ನೀರಿನ ಲೋಟವನ್ನೂ ಇಡಗೊಡುವುದಿಲ್ಲ. ಮೇಲೆ ಚಾವಣಿ ಒಣಗಿತ್ತು, ನೋಡಿದೆ. ಪಿಯಾನೋದ ಬಲಗಡೆ ನೆಲದ ಮೇಲೆ ಅಂಗೈಯಗಲ ಒದ್ದೆಯಿತ್ತು.

ಕಂಡದ್ದಕ್ಕೆ ಒಂದು ಮಾತು ಸೇರಿಸುವ ಅಭ್ಯಾಸ ನನಗಿಲ್ಲ, ನಿಮಗೇ ಗೊತ್ತು. ನಾನು ಬಗ್ಗಿ ಮುಟ್ಟಿ ನೋಡಿದೆ.

ಬೆಚ್ಚಗಿತ್ತು.