ಜರಡಿ ಕೋಣೆಯ ಕೈಗಳು

"ಬೆಳಿಗ್ಗೆನೇ ಏರಿಸ್ಕೊಂಡು ಬಂದಿದ್ದೀಯಲ್ಲೋ ಕುಡುಕ. ಹಿಮ್ಮಡಿನೂ ಊರದೆ ಕುಣೀತಾ ಬರ್ತೀಯ."

ಬ್ಯಾಟರಿ ಕಾರ್ಖಾನೆಯ ದವಾಖಾನೆ ಮುಂದೆ ಮೇಸ್ತ್ರಿ ಹೀಗೆಂದಾಗ ಸಾಲಿನಲ್ಲಿ ಹನ್ನೆರಡು ಜನ ಇದ್ದೆವು. ಅವನು ಬೈದದ್ದು ನನ್ನ ಮುಂದಿದ್ದ, ಜರಡಿ ಕೋಣೆಯಲ್ಲಿ ಪುಡಿ ಜರಡಿ ಹಿಡಿಯುವವನನ್ನು. ಆ ಜರಡಿಯವನ ಕೈಯಲ್ಲಿ ಚೀಟಿ ಪಟಪಟ ನಡುಗುತ್ತಿತ್ತು.

"ಕುಡಿಯಲ್ಲ ಅಣ್ಣ. ಒಂಬತ್ತು ವರ್ಷದಿಂದ ಮ್ಯಾಂಗನೀಸ್ ಪುಡಿ ನುಂಗ್ತಿದೀನಿ. ಈ ನಡುಕ, ಈ ತುದಿಗಾಲ ನಡಿಗೆ ಎಲ್ಲ ಅದರಿಂದಲೇ."

"ನಮ್ಮ ಬ್ಯಾಟರಿ ಓಡೋದೇ ಗಾಳಿಯಿಂದ, ಆ ಪುಡಿ ಇಲ್ಲದಿದ್ರೆ ಅದು ಆಮ್ಲಜನಕ ಎಳ್ಕೊಳ್ಳಲ್ಲ ಕಣೋ."

"ಬ್ಯಾಟರಿ ಎಳ್ಕೊಳ್ಳಲಿ. ಪಾಳಿ ಮುಗಿದ ಮೇಲೆ ಕಿಟಕಿ ಮುಚ್ಚಿ, ಗಾಳಿ ಪೈಪ್ ಹಿಡಿದು ಬಟ್ಟೆ ಧೂಳು ಹಾರಿಸೋದನ್ನ ಪಕ್ಕದಲ್ಲೇ ನಿಂತು ಕಲಿಸಿದ್ದು ನೀವು."

"ಪುಡಿ ಪೋಲಾಗಬಾರದಲ್ಲ."

"ಕೆಲಸದಿಂದ ಬಂದ ಕಾಯಿಲೆ ಅಂತ ಸಹಿ ಹಾಕಿ. ಇಲ್ಲದಿದ್ರೆ ಡಾಕ್ಟರು ನನ್ನ ನೋಡಲ್ಲ."

"ಕುಡುಕ ಅಂತ ಬರೀತೀನಿ."

"ಸರಿ, ಅದನ್ನೇ ಬರೀರಿ."

ಮೇಸ್ತ್ರಿ ಪೆನ್ನು ತೆಗೆದ. ಅದರ ತುದಿ ಚೀಟಿಯ ಮೇಲೆ ನಿಲ್ಲಲೇ ಇಲ್ಲ. ಅಕ್ಷರದ ಬದಲು ಇರುವೆ ಸಾಲಿನಂಥ ಚುಕ್ಕಿಗಳು ಬಿದ್ದವು.

ಜರಡಿಯವನು ಮೆಲ್ಲಗೆ ಕೇಳಿದ: "ನೀವು ಯಾವಾಗಿಂದ ಕುಡಿಯೋಕೆ ಶುರು ಮಾಡಿದ್ರಿ ಅಣ್ಣ?"

ಮೇಸ್ತ್ರಿ ಕೈಯನ್ನು ಜೇಬಿನೊಳಗೆ ತುರುಕಿ ಹೊರಟುಹೋದ. ಅವನ ಹಿಮ್ಮಡಿಯೂ ನೆಲಕ್ಕೆ ತಾಗುತ್ತಿರಲಿಲ್ಲ.